ಕಿರ್ ಎನ್ನದ ನೀರು

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಎನ್ನುವ ಮಾತನ್ನು ಆಶ್‌ಬರ್ನಿನ ಚಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಬ್ಬ ಕಳೆದು ವಾರವಾಗಿದ್ದರೂ, ಸಾಲುಮನೆಗಳ ನೆರಳು ಬೀಳುವ ಕಡೆಯೆಲ್ಲ ಹಿಮ ಹಳೇ ಹಾಸಿಗೆಯ ಹತ್ತಿಯ ಹಾಗೆ ಬಿದ್ದುಕೊಂಡಿತ್ತು. ಅಂಥ ಒಂದು ಬೆಳಿಗ್ಗೆ, ಬಿಸಿಲು ಕಿಟಕಿಗೆ ಬಂದಿದೆ ಆದರೆ ಇನ್ನೂ ಕಾವು ಹಿಡಿದಿಲ್ಲ ಎನ್ನುವ ಹೊತ್ತಿನಲ್ಲಿ, ಶಿವಕ್ಕ ಕೂಸಿಗೆ ಮೊದಲ ಸಲ ನೀರು ಎರೆಯಲು ಕೂತಳು. ಎಲ್ಲ ಶುರುವಾದದ್ದು ಆಗ.

ಶಿವಕ್ಕ ಬಂದದ್ದು ಮಾಲೂರಿನಿಂದ. ಕೂಸಿನ ತಾಯಿ ಮೈಥಿಲಿ ಅವಳ ತಂಗಿಯ ಮಗಳು. ತಂಗಿ ಕೊರೊನಾದ ಎರಡನೇ ಸುತ್ತಿನಲ್ಲಿ ಹೋಗಿಬಿಟ್ಟಳು. ಮಗಳ ಬಾಣಂತನ ನೋಡುವ ಯೋಗ ಅವಳಿಗಿರಲಿಲ್ಲ. ಅವಳ ಜಾಗದಲ್ಲಿ ಅಕ್ಕ ವಿಮಾನ ಹತ್ತಿದಳು. ಬೇರೆ ಯಾರನ್ನು ಕರೆಸುವುದು ಎಂದು ಮೈಥಿಲಿಯಾಗಲಿ, ಅವಳ ಗಂಡ ವೇಣುಗೋಪಾಲನಾಗಲಿ ಯೋಚಿಸುವ ಹಾಗೇ ಇರಲಿಲ್ಲ. ಮಾಲೂರಿನ ಆ ಬೀದಿಯಲ್ಲಿ ಶಿವಕ್ಕನ ಕಾಲ ಮೇಲೆ ಮಲಗದೆ ನಡೆಯಲು ಕಲಿತ ಮಕ್ಕಳು ಕಡಿಮೆ. ಮೈಥಿಲಿಯೇ ಆ ಕಾಲ ಮೇಲೆ ಮಲಗಿ, ಬೀದಿ ಕೊನೆಗೆ ಕೇಳಿಸುವ ಹಾಗೆ ಅತ್ತು, ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ ಹೊಡೆದವಳು.

ಶಿವಕ್ಕನ ಕ್ರಮ ಹೀಗೆ. ಮೊದಲು ಎಣ್ಣೆ. ಆಮೇಲೆ ಎಣ್ಣೆ ತೆಗೆಯಲು ಕಡಲೆಹಿಟ್ಟು, ಹೆಸರುಹಿಟ್ಟು. ಕೊನೆಗೆ ಒಂದಿಷ್ಟು ಸೋಪು. ನೀರಿನ ಕಾವನ್ನು ಮೊಣಕೈಗೆ ತಾಗಿಸಿ ನೋಡುವುದು. ಎರೆದದ್ದು ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಗಡಿಯಾರ ಬೇಡ, ಕಣ್ಣೂ ಬೇಡ. ಹೆಬ್ಬೆರಳಿನಿಂದ ಕೂಸಿನ ತೋಳನ್ನು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸವರಿದರೆ ಚರ್ಮ ಕಿರ್ ಎನ್ನಬೇಕು. ತೊಳೆದ ಗಾಜಿನ ಲೋಟ ಎನ್ನುತ್ತದಲ್ಲ, ಹಾಗೆ. ಕಿರ್ ಎಂದಿತೋ, ಕೊಳೆ ಹೋಯಿತು, ಎಣ್ಣೆ ಹೋಯಿತು, ಸೋಪು ಹೋಯಿತು. ಕೂಸನ್ನು ಪಂಚೆಯಲ್ಲಿ ಸುತ್ತಿ ಎತ್ತಬಹುದು. ಅವಳ ಅತ್ತೆ ಹಾಗೆ ಕಲಿಸಿದ್ದಳು. ಮಾಲೂರಿನ ಬೋರ್‌ವೆಲ್ ನೀರು ಅವಳ ಕೈಗೆ ಜೀವಮಾನವಿಡೀ ಅದನ್ನೇ ಹೇಳಿತ್ತು. ಆ ನೀರಿನ ಬಗ್ಗೆ ಹೇಳುವುದಾದರೆ, ಹಂಡೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುವ ಉಪ್ಪು ನೀರು ಅದು. ಬೇಳೆ ಬೇಯಿಸಲು ಸಿಹಿನೀರನ್ನು ಬೇರೆ ತರಬೇಕಿತ್ತು.

ಆಶ್‌ಬರ್ನಿನ ಬಚ್ಚಲಲ್ಲಿ ಒಲೆಯಿಲ್ಲ, ಹಂಡೆಯಿಲ್ಲ. ಬಿಳಿ ತೊಟ್ಟಿಯೊಳಗೆ ದಪ್ಪ ಟವೆಲ್ ಮಡಿಸಿ ಹಾಕಿಕೊಂಡು, ಬೆನ್ನು ಆನಿಸಿ, ಕಾಲು ಚಾಚಿ ಕೂತಳು. ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು. ಹೆಸರು ಶ್ರಾವಣಿ. ಒಳ್ಳೆ ತಲೆಗೂದಲಿನ ಕೂಸು. ಎಣ್ಣೆ ಆಯಿತು, ಹಿಟ್ಟು ಆಯಿತು, ಸೋಪೂ ಆಯಿತು. ತಂಬಿಗೆ ತಂಬಿಗೆ ನೀರು ಹುಯ್ದಳು. ಹೆಬ್ಬೆರಳಿನಿಂದ ತೋಳು ಸವರಿದಳು.

ಬೆರಳು ಜಾರಿತು.

ಸೋಪು ಇನ್ನೂ ಹೋಗಿಲ್ಲ ಎಂದುಕೊಂಡು ಮತ್ತೆ ನೀರು ಹುಯ್ದಳು. ಬೆರಳು ಮತ್ತೆ ಜಾರಿತು, ಲೋಳೆಸರದ ತಿರುಳು ಮುಟ್ಟಿದ ಹಾಗೆ. ಎಣ್ಣೆ ಹೆಚ್ಚಾಯಿತೇನೋ ಎಂದು ಇನ್ನೊಂದು ಹಿಡಿ ಹಿಟ್ಟು ಹಾಕಿ ಉಜ್ಜಿದಳು, ತೊಳೆದಳು. ಕೂಸು ಅತ್ತು ಅತ್ತು ಕೆಂಪಾಯಿತು. ಕಿರ್ ಎನ್ನಲೇ ಇಲ್ಲ. ಕೊನೆಗೆ ಕೈಸೋತು, ಅರೆಮನಸ್ಸಿನಿಂದ ಎತ್ತಿ ಸುತ್ತಿದಳು. ಸಾಂಬ್ರಾಣಿ ಹಾಕುವ ಹಾಗಿರಲಿಲ್ಲ. ಹೊಗೆಗೆ ಚಾವಣಿಯ ಅಲಾರಂ ಕೂಗಿಕೊಳ್ಳುತ್ತದೆ ಎಂದು ವೇಣುಗೋಪಾಲ ಮೊದಲೇ ಹೇಳಿದ್ದ. ಕೂಸು ಮಲಗಿತು. ಆದರೆ ಶಿವಕ್ಕನಿಗೆ ಅಂದು ಮಧ್ಯಾಹ್ನ ಊಟ ಸೇರಲಿಲ್ಲ. ಅರ್ಧ ತೊಳೆದ ಪಾತ್ರೆಯನ್ನು ಗೂಡಿನಲ್ಲಿಟ್ಟು ಬಂದ ಹಾಗೆ ಏನೋ ಒಂದು ಕಾಡುತ್ತಿತ್ತು.

ಮಾರನೆಯ ದಿನ ಎಣ್ಣೆ ಕಡಿಮೆ ಮಾಡಿದಳು, ಹಿಟ್ಟು ಹೆಚ್ಚು ಮಾಡಿದಳು. ಜಾರಿತು. ಸೋಪನ್ನು ಬೆರಳ ತುದಿಯಷ್ಟೇ ಮುಟ್ಟಿಸಿದಳು. ಜಾರಿತು. ದಿನ ಹೋದಂತೆ ಸ್ನಾನ ಉದ್ದವಾಯಿತು. ಕೂಸು ತನ್ನ ಕೈಗೆ ಬಂದಿಲ್ಲ, ತನ್ನ ಕೆಲಸ ಮುಗಿದಿಲ್ಲ ಎನ್ನುವ ತಳಮಳಕ್ಕೆ ಅವಳ ಕೈ ತಾನಾಗಿಯೇ ಇನ್ನೊಂದು ಸುತ್ತು ಉಜ್ಜುತ್ತಿತ್ತು. ಮೈಥಿಲಿ ಆ ಹೊತ್ತಿನಲ್ಲಿ ಮಲಗಿರುತ್ತಿದ್ದಳು. ರಾತ್ರಿಯೆಲ್ಲ ಎದ್ದಿರುವ ಬಾಣಂತಿ, ಕೂಸಿನ ಸ್ನಾನದ ಹೊತ್ತಾದರೂ ಮಲಗಲಿ ಎಂದು ಶಿವಕ್ಕನೇ ಹೇಳಿದ್ದಳು.

ಕೂಸಿನ ತೊಡೆಯ ಮಡಿಕೆಯಲ್ಲಿ ಮೊದಲು ಕೆಂಪು ಕಂಡಿತು. ಆಮೇಲೆ ತೋಳಿನಲ್ಲಿ, ಬೆನ್ನಿನಲ್ಲಿ. ಕೆಂಪಾದ ಕಡೆ ಸಿಪ್ಪೆ ಏಳತೊಡಗಿತು. ಡಾಕ್ಟರು ಕ್ರೀಮು ಬರೆದುಕೊಟ್ಟರು. ಚರ್ಮ ಒಣಗಿದೆ, ಸ್ನಾನಕ್ಕೆ ಏನು ಬಳಸುತ್ತೀರಿ, ನಿಮ್ಮ ಮನೆಯ ನೀರು ಹೇಗಿದೆ ಎಂದು ಕೇಳಿದರು. ನೀರು ಎಂಬ ಮಾತು ಬಂದದ್ದೇ ತಡ, ಮೈಥಿಲಿ ಅದನ್ನು ಹಿಡಿದುಕೊಂಡಳು. ಹಿಡಿದುಕೊಳ್ಳಲು ಕಾರಣವೂ ಇತ್ತು. ಆ ಸಾಲುಮನೆಗಳವರ ವಾಟ್ಸಾಪ್ ಗುಂಪಿನಲ್ಲಿ ಚಳಿಗಾಲವಿಡೀ ನೀರಿನದೇ ಮಾತು. ಒಬ್ಬರ ಕೆಟಲಿನಲ್ಲಿ ಬಿಳಿ ಚಕ್ಕೆ, ಒಬ್ಬರ ಲೋಟದ ಮೇಲೆ ಕಲೆ, ಒಬ್ಬರಿಗೆ ಈಜುಕೊಳದ ವಾಸನೆ, ಮತ್ತೊಬ್ಬರಿಗೆ ಕೂದಲು ಉದುರುವುದು. ತಲೆ ಬೋಳಾದದ್ದಕ್ಕೂ ನಲ್ಲಿಯೇ ಹೊಣೆ.

ಆ ಗುಂಪಿನಲ್ಲಿ ನೀರಿನ ಪಂಡಿತ ಎಂದರೆ ಮೂರನೇ ಮನೆಯ ಗುರುದತ್. ಮೈಸೂರಿನವನು, ಪಕ್ಕದೂರು ಸ್ಟರ್ಲಿಂಗ್‌ನಲ್ಲಿ ಕೆಲಸ. ಶನಿವಾರ ಬಂತೆಂದರೆ ನೀರು ಪರೀಕ್ಷೆ ಮಾಡುವ ಕಾಗದದ ಪಟ್ಟಿಗಳ ಡಬ್ಬಿ ಹಿಡಿದು ಕರೆದವರ ಮನೆಗೆಲ್ಲ ಹೋಗುವುದು ಅವನ ಹುಚ್ಚು. ಮೈಥಿಲಿ ಕರೆದಳು, ಬಂದ. ಅಡಿಗೆಮನೆಯ ನಲ್ಲಿಯಿಂದ ಒಂದು ಲೋಟ, ಬಚ್ಚಲಿನಿಂದ ಒಂದು ಲೋಟ. ಪಟ್ಟಿ ಅದ್ದಿ, ಬೆಳಕಿಗೆ ಹಿಡಿದು, ಬಣ್ಣ ಹೋಲಿಸಿ ನೋಡಿದ. ಮೈಥಿಲಿ ಡಬ್ಬಿಯ ಮೇಲಿನ ಬಣ್ಣಗಳನ್ನು ತಾನೂ ಬಗ್ಗಿ ನೋಡುತ್ತಿದ್ದಳು. ಒಲೆಯ ಹತ್ತಿರ ಶಿವಕ್ಕನೂ ಸೌಟು ತಿರುವುವುದನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದಳು. ನೀರು ಕೆಟ್ಟದ್ದು ಎಂದುಬಿಡಲಿ ದೇವರೇ ಎಂದು ಅವಳ ಮನಸ್ಸು ಬೇಡುತ್ತಿತ್ತು.

“ಆಂಟಿ, ನಿಮ್ಮನೆ ನೀರು ಬೆಣ್ಣೆ,” ಎಂದ ಗುರುದತ್. “ಹಾರ್ಡ್‌ನೆಸ್ ಝೀರೋ. ಇದರಲ್ಲಿ ಬೇಳೆ ಬೇಯ್ಲಿಲ್ಲ ಅಂದ್ರೆ ಅದು ಬೇಳೆ ಕರ್ಮ.”

“ಬೇಯೋದೇನಪ್ಪ, ಕರಗೇ ಹೋಗ್ತದೆ,” ಎಂದಳು ಶಿವಕ್ಕ. “ಹುಳಿ ಮಾಡಕ್ಕೆ ಹೋದ್ರೆ ಗಂಜಿ ಆಗ್ತದೆ.”

ಎಲ್ಲರೂ ನಕ್ಕರು. ಶಿವಕ್ಕ ನಗಿಸಲು ಹೇಳಿದ್ದಲ್ಲ; ಬಂದಾಗಿನಿಂದ ಈ ಮನೆಯ ಬೇಳೆ ಅವಳಿಗೆ ಅರ್ಥವಾಗಿರಲಿಲ್ಲ. ಆದರೆ ಅದನ್ನು ಯಾರೂ ಹಿಡಿದು ಕೇಳಲಿಲ್ಲ. ಗುರುದತ್ತನೂ ವೇಣುಗೋಪಾಲನೂ ಇಂಗ್ಲಿಷಿನಲ್ಲಿ ಏನೋ ಮಾತಾಡಿಕೊಳ್ಳುತ್ತ ನೆಲಮಾಳಿಗೆಗೆ ಇಳಿದುಹೋದರು. ಮೇಲೆ ಮೈಥಿಲಿ ಬಣ್ಣದ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ನೀರಿನ ತಪ್ಪಲ್ಲ ಎಂದಮೇಲೆ ಉಳಿದದ್ದು ಎರೆಯುವ ಕೈ. ಅವಳು ಹಾಗೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸೋಮವಾರ ಸ್ನಾನದ ಹೊತ್ತಿಗೆ ಮಲಗದೆ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಶಿವಕ್ಕ ಎರಡನೇ ಸಲ ಹಿಟ್ಟು ಹಾಕಿ ಉಜ್ಜುವುದನ್ನು ನೋಡಿದಳು. ಮೂರನೇ ಸಲ ಬಟ್ಟಲಿಗೆ ಕೈಹಾಕಿದಾಗ ಒಳಗೆ ಬಂದಳು.

“ಸಾಕು ದೊಡ್ಡಮ್ಮ. ಅವಳು ಪಾತ್ರೆ ಅಲ್ಲ.”

ಕೂಸನ್ನು ಎತ್ತಿಕೊಂಡು ಹೋದಳು. ಅಂದಿನಿಂದ ಸ್ನಾನ ಅವಳದಾಯಿತು.

ಅದಾದ ಎರಡು ದಿನಕ್ಕೆ, ಯುಗಾದಿಯ ಬೆಳಿಗ್ಗೆ, ಬೇವು ಸಿಗದೆ ಬರೀ ಬೆಲ್ಲ ಹಂಚಿದ ಮೇಲೆ, ಮೈಥಿಲಿ ಇನ್ನೊಂದು ಮಾತು ಹೇಳಿದಳು. ಈ ಚಳಿ ನಿನಗೆ ಒಗ್ಗುತ್ತಿಲ್ಲ, ಜುಲೈವರೆಗೆ ಯಾಕೆ ಕಷ್ಟಪಡುತ್ತೀಯ, ಟಿಕೆಟ್ ಚೇಂಜ್ ಮಾಡಿಸಿದ್ದೇವೆ, ಏಪ್ರಿಲ್ ಹದಿನಾಲ್ಕು ಎಂದಳು. ಶಿವಕ್ಕ ಆಗಲಿ ಎಂದಳು. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. ಶುಕ್ರವಾರ. ಮಂಗಳವಾರ, ಶುಕ್ರವಾರ ಮನೆಯಿಂದ ಹಾಲು ಮೊಸರನ್ನು ಕೂಡ ಹೊರಗೆ ಕೊಡುವುದಿಲ್ಲ. ಮನೆಯ ಹೆಣ್ಣನ್ನು ಕಳಿಸುವವರುಂಟೇ? ಬೇಕೆಂದು ಮಾಡಿದ್ದಲ್ಲ, ಹುಡುಗಿಗೆ ವಾರ ನೆನಪಾಗಿಲ್ಲ ಅಷ್ಟೆ ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ನಿಲ್ಲಲಿಲ್ಲ. ತಂಗಿ ಇದ್ದಿದ್ದರೆ ಕೂಸನ್ನು ಹೀಗೆ ಮಾಡುತ್ತಿದ್ದಳೇ ಎನ್ನುವ ಮಾತು ಯಾರೂ ಆಡದಿದ್ದರೂ ಆ ಮನೆಯೊಳಗೆ ತಿರುಗಾಡುತ್ತಿತ್ತು. ಊರಿಗೆ ಹೋದರೆ ಬೀದಿಯವರು, ಇಷ್ಟು ಬೇಗ ಬಂದ್ಯಾ ಶಿವಕ್ಕ ಎಂದು ಕೇಳುತ್ತಾರೆ. ಏನು ಹೇಳುವುದು?

ಬೆಳಗಿನ ಆ ಹೊತ್ತು ಬಂತೆಂದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೇಲೆ ಬಚ್ಚಲಲ್ಲಿ ನೀರು ಬಿದ್ದ ಸದ್ದಾದರೆ ಕೆಳಗೆ ಅಡಿಗೆಮನೆಗೆ ಹೋಗುವಳು, ಅಲ್ಲಿಂದ ಮುಂಬಾಗಿಲಿಗೆ, ಅಲ್ಲಿಂದ ವರಾಂಡಕ್ಕೆ. ಗ್ಯಾರೇಜಿನಲ್ಲಿ ಒಟ್ಟಿದ್ದ ಉಪ್ಪಿನ ಚೀಲಗಳನ್ನು ಸುಮ್ಮನೆ ನೋಡಿಕೊಂಡು ನಿಲ್ಲುವಳು. ಹಿಮ ಬಿದ್ದಾಗ ಮೆಟ್ಟಿಲಿಗೆ ಉಪ್ಪು ಎರಚುವುದನ್ನು ನೋಡಿದ್ದಳು. ಹಿಮ ಕರಗಿ ಹೋದಮೇಲೂ ಇವರಿಗೆ ಇಷ್ಟು ಉಪ್ಪು ಯಾಕೆ ಎಂದುಕೊಂಡು ಒಳಗೆ ಬರುವಳು.

ಅವಳನ್ನು ಕೊರೆಯುತ್ತಿದ್ದದ್ದು ಟಿಕೆಟ್ಟಿಗಿಂತ ಬೇರೆ. ಅಷ್ಟು ಮಕ್ಕಳನ್ನು ಎತ್ತಿದ ಕೈ ಈಗ ಸುಳ್ಳು ಹೇಳುತ್ತಿದೆಯೇ? ವಯಸ್ಸಿಗೆ ಬೆರಳ ತುದಿ ಸತ್ತಿತೇ? ಒಂದು ದಿನ ಯಾರಿಗೂ ಹೇಳದೆ ಬಟ್ಟಲಿನಲ್ಲಿ ಸಾಸಿವೆಯನ್ನೂ ಜೀರಿಗೆಯನ್ನೂ ಬೆರೆಸಿ, ಕಣ್ಣು ಮುಚ್ಚಿಕೊಂಡು ಬೇರೆ ಮಾಡಲು ಕೂತಳು. ಕಣ್ಣು ಬಿಟ್ಟು ನೋಡಿದರೆ ಸಾಸಿವೆ ಸಾಸಿವೆಯ ಕಡೆ, ಜೀರಿಗೆ ಜೀರಿಗೆಯ ಕಡೆ. ಬೆರಳು ಸರಿಯಿದೆ. ಎದ್ದು ಸಿಂಕಿನಲ್ಲಿ ಕೈಗೆ ಸೋಪು ಹಚ್ಚಿ ತೊಳೆದಳು. ಜಾರಿತು. ತೊಳೆದಳು, ತೊಳೆದಳು. ಜಾರುತ್ತಲೇ ಇತ್ತು. ಬೆರಳು ಸರಿಯಿದ್ದರೆ ಇದೇನು? ಸಮಾಧಾನದ ಬದಲು ತಳಮಳ ಇಮ್ಮಡಿಯಾಯಿತು.

ಊರಿಗೆ ಹೋಗುವ ಮುಂಚೆ ದೇವರ ದರ್ಶನ ಆಗಲಿ ಎಂದು ಒಂದು ಭಾನುವಾರ ಎಲ್ಲರೂ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಹೊರಟರು. ದರ್ಶನ ಆಯಿತು, ಕೂಸಿನ ಹೆಸರಿಗೆ ಅರ್ಚನೆ ಆಯಿತು, ಕೆಳಗೆ ಪುಳಿಯೋಗರೆ ತಿಂದಾಯಿತು. ಎಣ್ಣೆ ಕೈ ತೊಳೆಯಲು ಶಿವಕ್ಕ ನಲ್ಲಿಗೆ ಹೋದಳು. ಸೋಪು ಹಚ್ಚಿದಳು, ನೀರು ಬಿಟ್ಟಳು, ಅಭ್ಯಾಸಬಲದಿಂದ ಹೆಬ್ಬೆರಳಿನಿಂದ ಅಂಗೈ ಸವರಿದಳು.

ಕಿರ್ ಎಂದಿತು.

ಶಿವಕ್ಕ ಹಾಗೇ ನಿಂತಳು. ಮತ್ತೆ ಸೋಪು ಹಚ್ಚಿದಳು, ಮತ್ತೆ ತೊಳೆದಳು. ಮತ್ತೆ ಕಿರ್. ತೋಳು ಮೇಲೇರಿಸಿ ಮೊಣಕೈವರೆಗೆ ತೊಳೆದಳು. ಮಾಲೂರಿನ ಬಚ್ಚಲಲ್ಲಿ ಎನ್ನುತ್ತಿದ್ದ ಹಾಗೆಯೇ, ಅದೇ ಸದ್ದು. ಹಿಂದೆ ಸಾಲು ಕಟ್ಟಿದವರಲ್ಲಿ ಒಬ್ಬ ಹೆಂಗಸು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡವಳು, ಆಂಟಿ ಆಯ್ತಾ ಎಂದು ಕೇಳಿದಳು. ಆಯ್ತಮ್ಮ ಆಯ್ತು ಎನ್ನುತ್ತ ಶಿವಕ್ಕ ಇನ್ನೊಂದು ಸಲ ತೊಳೆದೇ ಈಚೆಗೆ ಬಂದಳು. ಕೈ ಒರೆಸಲಿಲ್ಲ. ನೀರು ತೊಟ್ಟಿಕ್ಕುವ ಕೈಯನ್ನು ಎದೆಗೆ ಹಿಡಿದುಕೊಂಡೇ ಕಾರಿನವರೆಗೆ ನಡೆದಳು.

ಕಾರು ದೊಡ್ಡ ರಸ್ತೆಗೆ ಬರುವವರೆಗೆ ತಡೆದಳು. ಮುಂದೆ ವೇಣುಗೋಪಾಲ, ಪಕ್ಕದಲ್ಲಿ ಅವಳು. ಹಿಂದೆ ಕೂಸಿನ ಸೀಟಿನ ಪಕ್ಕ ಮೈಥಿಲಿ.

“ಅಳಿಯಂದ್ರೇ, ದೇವಸ್ಥಾನದ ನೀರೂ ನಮ್ಮನೆ ನೀರೂ ಬೇರೇನಾ? ಅಲ್ಲಿ ಕೈ ತೊಳೆದ್ರೆ ಸೋಪು ಬಿಡ್ತದೆ. ಮನೇಲಿ ಎಷ್ಟು ತೊಳೆದ್ರೂ ಬಿಡಲ್ಲ.”

“ಓ ಅದಾ,” ಎಂದ ವೇಣುಗೋಪಾಲ, ರಸ್ತೆಯ ಮೇಲಿನ ಕಣ್ಣು ಕೀಳದೆ. “ನಮ್ಮನೇಲಿ ಸಾಫ್ಟ್‌ನರ್ ಇದೆಯಲ್ಲ ದೊಡ್ಡಮ್ಮ, ಬೇಸ್‌ಮೆಂಟ್‌ನಲ್ಲಿ. ಆ ನೀರೇ ಹಂಗೆ. ಸೋಪು ಪೂರ್ತಿ ಹೋಗಿದ್ರೂ ಕೈ ಜಾರ್ತಾನೇ ಇರತ್ತೆ. ಬರೀ ಫೀಲ್ ಅಷ್ಟೇ. ನೀವು ಬರೋ ಹಿಂದಿನ ವಾರ ಹಾಕಿಸಿದ್ದು. ದೊಡ್ಡಮ್ಮ ಜೀವನಪೂರ್ತಿ ಉಪ್ಪು ನೀರಲ್ಲೇ ಇದ್ದಾರೆ, ಇಲ್ಲಾದ್ರೂ ಒಳ್ಳೆ ನೀರು ಇರಲಿ ಅಂತ ಮೈಥಿಲೀನೇ ಹೇಳಿದ್ಲು. ತಿಂಗಳಿಗೊಂದು ಸಲ ಉಪ್ಪು ಹಾಕ್ತೀನಲ್ಲ, ನೋಡಿಲ್ವಾ?”

“ಉಪ್ಪು ಹಿಮಕ್ಕೆ ಅಂದ್ಕೊಂಡಿದ್ದೆ,” ಎಂದಳು ಶಿವಕ್ಕ. ಆಮೇಲೆ, “ಉಪ್ಪು ಹಾಕಿ ಸಿಹಿನೀರು ಮಾಡ್ತಾರಾ?” ಎಂದಳು. ವೇಣುಗೋಪಾಲ ನಕ್ಕ. ಅವನೊಬ್ಬನೇ ನಕ್ಕದ್ದು.

ಹಿಂದಿನಿಂದ ಮೈಥಿಲಿಯ ಧ್ವನಿ ಬಂತು, ಬಹಳ ಸಣ್ಣದಾಗಿ. “ದೊಡ್ಡಮ್ಮ, ಮತ್ತೆ ಅಷ್ಟು ಹೊತ್ತು ನೀನು ಉಜ್ತಾ ಇದ್ದಿದ್ದು...”

“ಕಿರ್ ಅನ್ನಲಿ ಅಂತ ಕಾಯ್ತಿದ್ದೆ ಕಣೇ.”

ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು.

ಮನೆಗೆ ಬಂದ ಕೂಡಲೆ ವೇಣುಗೋಪಾಲ ಶಿವಕ್ಕನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಆ ಯಂತ್ರವನ್ನು ತೋರಿಸಿದ. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಒಂದು ದುಂಡು ಸಿಲಿಂಡರು, ಪಕ್ಕದಲ್ಲಿ ಉಪ್ಪಿನ ತೊಟ್ಟಿ. ಒಂದು ತಿರುಪನ್ನು ಹೀಗೆ ತಿರುಗಿಸಿದರೆ ಸಾಕು, ನೀರು ಇದರೊಳಗೆ ಹೋಗದೆ ನೇರ ನಲ್ಲಿಗೆ ಬರುತ್ತದೆ. ಸ್ನಾನದ ಹೊತ್ತಿಗೆ ತಿರುಗಿಸಿಬಿಡೋಣ, ನಿಮ್ಮ ಕೈಗೆ ಗೊತ್ತಿರುವ ನೀರೇ ಬರಲಿ ಎಂದ. ಶಿವಕ್ಕ ತಿರುಪಿನ ಮೇಲೆ ಕೈಯಿಟ್ಟಳು. ಆಸೆಯಾಯಿತು. ಒಂದೇ ಒಂದು ಸಲ ಆ ಕೂಸಿನ ತೋಳು ಕಿರ್ ಎನ್ನುವುದನ್ನು ಕೇಳಿದರೆ ಸಾಕು ಅನ್ನಿಸಿತು. ಆಮೇಲೆ ಕೈ ತೆಗೆದಳು. ಕೆರೆದುಹೋದ ಎಳೇ ಚರ್ಮ ಅದು. ಡಾಕ್ಟರೇ ಮೆದು ನೀರು ಒಳ್ಳೆಯದು ಎಂದಿದ್ದಾರಂತೆ. ತನ್ನ ಕಿವಿಯ ಆಸೆಗೆ ಕೂಸಿನ ಮೈ ಯಾಕೆ ಉರಿಯಬೇಕು? ಬೇಡಿ ಅಳಿಯಂದ್ರೇ, ಅವಳು ಬೆಳೆಯೋದು ಈ ನೀರಲ್ಲೇ ತಾನೆ ಎಂದು ಮೆಟ್ಟಿಲು ಹತ್ತಿದಳು.

ಮಾರನೆಯ ಬೆಳಿಗ್ಗೆ ಮೈಥಿಲಿಯೇ ಕೂಸನ್ನು ಎತ್ತಿಕೊಂಡು ಬಂದು, ಕಾಲು ಚಾಚು ದೊಡ್ಡಮ್ಮ ಎಂದಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಯಿಂದ ಬರಲಿಲ್ಲ, ಶಿವಕ್ಕನೂ ಕಾಯಲಿಲ್ಲ. ಒಂದು ಕರಾರು ಮಾತ್ರ ಶಿವಕ್ಕ ಹಾಕಿದಳು: ಸಾಕು ಎನ್ನುವುದು ನಿನ್ನ ಕೆಲಸ, ನೀನು ಅಂದಾಗ ನಾನು ನಿಲ್ಲಿಸುತ್ತೇನೆ. ಎಣ್ಣೆ ತೆಳುವಾಗಿ ಹಚ್ಚಿದಳು. ಹಿಟ್ಟನ್ನು ಮೈಗೆ ಮುಟ್ಟಿಸಲಿಲ್ಲ. ಸೋಪು ಒಂದು ಸಲ. ನೀರು ಹುಯ್ದಳು. ಹೆಬ್ಬೆರಳು ತೋಳಿನ ಮೇಲೆ ಜಾರಿತು.

ಸಾಕು ಎಂದಳು ಮೈಥಿಲಿ.

ತಂಬಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಹೋಗಿದೆ, ಸೋಪು ಹೋಗಿದೆ ಎಂದು ಶಿವಕ್ಕನ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಬಲವಂತದಿಂದ ತಂಬಿಗೆ ಕೆಳಗಿಟ್ಟಳು. ಪ್ರತಿದಿನವೂ ಹಾಗೆಯೇ. ದಿನಾ ಮೈಥಿಲಿ ಸಾಕು ಎನ್ನುವಳು, ದಿನಾ ಆ ಕೈ ಒಂದು ಗಳಿಗೆ ತಡೆಯುವುದು. ಬಾಗಿಲ ಮುಂದಿನ ಚೆರ್ರಿ ಗಿಡ ಹೂ ಬಿಟ್ಟು ಉದುರಿಸುವ ಹೊತ್ತಿಗೆ ಕೂಸಿನ ಬೆನ್ನು ತಿಳಿಯಾಯಿತು, ತೊಡೆಯ ಮಡಿಕೆಯ ಕೆಂಪು ಮಾಸಿತು. ಬೇಳೆಗೂ ಶಿವಕ್ಕ ದಾರಿ ಕಂಡುಕೊಂಡಳು. ಕುಕ್ಕರ್ ಬಿಟ್ಟು ತೆರೆದ ಪಾತ್ರೆಯಲ್ಲಿ ಕಣ್ಣಿಟ್ಟು ಬೇಯಿಸಿದರೆ ಕರಗುತ್ತಿರಲಿಲ್ಲ.

ಟಿಕೆಟ್ಟನ್ನು ಮತ್ತೆ ಜುಲೈಗೆ ಹಾಕಿಸುತ್ತೇನೆ ಎಂದು ಮೈಥಿಲಿ ಹಟ ಹಿಡಿದಳು. ಬಟ್ಟೆ ಮಡಿಸುತ್ತಿದ್ದ ಶಿವಕ್ಕ ತಲೆಯೆತ್ತಲಿಲ್ಲ.

“ನೀನು ಪಕ್ಕದಲ್ಲಿದ್ರೆ ಸರಿ ಕಣೇ. ಮುಂದಿನ ತಿಂಗಳು ನಿನ್ನ ರಜ ಮುಗೀತದೆ, ಬಾಗಿಲು ಹಾಕ್ಕೊಂಡು ಕೆಲಸಕ್ಕೆ ಕೂರ್ತೀಯ. ಆಗ ನನ್ನ ಕೈಗೆ ಸಾಕು ಅಂತ ಹೇಳೋರು ಯಾರು? ಇಷ್ಟು ವರ್ಷ ಅದು ಬೇರೆ ಮಾತು ಕೇಳ್ಕೊಂಡು ಬಂದಿದೆ. ನನಗೇ ಅದರ ಮೇಲೆ ನಂಬಿಕೆ ಇಲ್ಲ.”

ಮೈಥಿಲಿ ಏನೋ ಹೇಳಲು ಹೋದಳು. ಶಿವಕ್ಕ ಕೈಸನ್ನೆಯಿಂದ ತಡೆದಳು. ಕೋಪದಿಂದ ಹೋಗುತ್ತಿಲ್ಲ, ಹೋಗುವುದೇನೋ ಸರಿಯೇ, ಆದರೆ ಶುಕ್ರವಾರ ಬೇಡ ಎಂದಳು. ಮೈಥಿಲಿ ಕ್ಯಾಲೆಂಡರ್ ನೋಡಿ ನಾಲಿಗೆ ಕಚ್ಚಿಕೊಂಡಳು. ಮುಖ ತಿರುಗಿಸಿಕೊಂಡು, ಆಗಲೇ ಫೋನು ಎತ್ತಿಕೊಂಡು, ಬಹಳ ಹೊತ್ತು ಯಾರೊಡನೆಯೋ ಇಂಗ್ಲಿಷಿನಲ್ಲಿ ವಾದ ಮಾಡಿದಳು.

ಹೊರಡುವ ದಿನ ಬೆಳಿಗ್ಗೆ ತೊಟ್ಟಿಯೊಳಗೆ ಟವೆಲ್ ಹಾಕಿಕೊಂಡು ಕಾಲು ಚಾಚಿ ಕೂತವಳು ಮೈಥಿಲಿ. ಶಿವಕ್ಕ ಹೊರಗೆ ಮಣೆಯ ಮೇಲೆ ಕೂತು ತಂಬಿಗೆಯಿಂದ ನೀರು ಹುಯ್ದಳು. ಮೈಥಿಲಿಗೆ ಕಿರ್ ಎನ್ನುವ ಸದ್ದಿನ ಗೊಡವೆಯಿಲ್ಲ. ಅವಳ ಕೈ ಒಂದು ಸುತ್ತು ಸವರಿ ತಾನಾಗಿಯೇ ನಿಂತಿತು. ಶಿವಕ್ಕನ ಹೆಬ್ಬೆರಳು ಕೂಸಿನ ತೋಳಿನವರೆಗೆ ಹೋಯಿತು. ಮುಟ್ಟಲಿಲ್ಲ. ತಂಬಿಗೆಯನ್ನು ಬೋರಲು ಹಾಕಿ, ಪಂಚೆ ಹರಡಿ ಎರಡೂ ಕೈ ಚಾಚಿದಳು. ಮೈಥಿಲಿ ಕೂಸನ್ನು ಅದರೊಳಗೆ ಇಟ್ಟಳು.

ಶಿವಕ್ಕ ಹೊರಟದ್ದು ಏಪ್ರಿಲ್ ಹದಿನಾರು, ಭಾನುವಾರ, ಕೂಸು ಸ್ನಾನವಾಗಿ ಮಲಗಿದ ಮೇಲೆ.